ಚಿತ್ರಕಥೆ ಬರೆದ ಉಪಾಧ್ಯಾಯ

ಇಂದು ಕಾಮಿಕ್ಸ್ ಎಂದು ನಾವೆಲ್ಲ ಓದುವ ಚಿತ್ರಕಥೆಗೆ ಮೂಲಪುರುಷನೆಂದು ಹೆಸರಾದವನು ಜಿನೀವಾ ನಗರದ ಒಬ್ಬ ಉಪಾಧ್ಯಾಯ. ತಾನೇ ಕಥೆ ಕಟ್ಟಿ, ತಾನೇ ಚಿತ್ರ ಬಿಡಿಸಿ, ತಾನೇ ಅಚ್ಚುಹಾಕಿಸಿದ ರೊಡಾಲ್ಫ್ ಟೋಪ್ಫರನ ಜೀವನವನ್ನು, ಬರೆಯುವ ಮತ್ತು ಬಿಡಿಸುವ ಹವ್ಯಾಸವುಳ್ಳ ನನ್ನ ಸಹಪಾಠಿಗಳ ಮುಂದಿಡುವುದು ಈ ಕಿರುಲೇಖನದ ಉದ್ದೇಶ.

ಟೋಪ್ಫರ್ ಹುಟ್ಟಿದ್ದು 1799ರ ಜನವರಿ 31ರಂದು. ತಂದೆ ಹೆಸರುವಾಸಿಯಾದ ಚಿತ್ರಕಾರ. ಮಗನಿಗೂ ಅದೇ ಹಂಬಲ. ಆದರೆ ಕಣ್ಣಿನ ಬೇನೆ ಅಡ್ಡಬಂದಿತು. ವರ್ಣಚಿತ್ರದ ಆಸೆಯನ್ನು ತೊರೆದು ಆತ ಉಪಾಧ್ಯಾಯನಾದ. ಮದುವೆಯ ನಂತರ ಸ್ವಂತ ವಸತಿಶಾಲೆಯನ್ನು ತೆರೆದ. 1832ರಲ್ಲಿ ಜಿನೀವಾದ ಅಕಾಡೆಮಿಯಲ್ಲಿ ಸಾಹಿತ್ಯದ ಅಧ್ಯಾಪಕನೂ ಆದ. ಕುಂಚ ಕೈಬಿಟ್ಟರೂ ಲೇಖನಿ ಉಳಿಯಿತಲ್ಲ! ಅದರಿಂದಲೇ ಸರಸರನೆ ಗೀಚಿ, ಅಡಿಯಲ್ಲಿ ಎರಡು ಸಾಲು ಬರೆದು, ತನ್ನ ಶಿಷ್ಯರನ್ನು ನಗಿಸತೊಡಗಿದ. 1827ರಲ್ಲಿ ಹೀಗೆ ಹುಟ್ಟಿದ್ದು ವ್ಯೂ ಬ್ವಾ ಎಂಬ ಪ್ರೇಮಪೀಡಿತನ ಕಥೆ.

ಈ ಹಸ್ತಪ್ರತಿಗಳು ಕೈಯಿಂದ ಕೈಗೆ ದಾಟಿದುವು. ಸೋರೆ ಎಂಬ ಮಿತ್ರನ ಮೂಲಕ ವೈಮಾರಿನಲ್ಲಿದ್ದ ವೃದ್ಧ ಕವಿ ಗಯಟೆಯನ್ನೂ ತಲುಪಿ, ಅವನ ಮೆಚ್ಚುಗೆಯನ್ನು ಪಡೆದುವು. ಆದರೂ ಟೋಪ್ಫರನಿಗೆ ಅಳುಕು. ಅಧ್ಯಾಪಕನಾದವನಿಗೆ ಇಂಥ ಹುಡುಗಾಟ ತಕ್ಕುದೇ ಎಂದು ಜನ ಆಡಿಕೊಂಡರೆ? ಜಾಬೋ ಎಂಬವನ ಕಥೆ 1833ರಲ್ಲಿ ಅಚ್ಚಾದರೂ ಅದನ್ನು ಮಾರಾಟಕ್ಕೆ ಬಿಟ್ಟದ್ದು 1835ರಲ್ಲಿ. ಮಹಾಕವಿಯ ಮೆಚ್ಚುಗೆಯಿದ್ದವನಿಗೂ ಧೈರ್ಯ ಬರಲು ಎರಡು ವರ್ಷ ಬೇಕಾಯಿತೆಂಬುದು ನಮ್ಮಂಥವರು ನೆನೆಯತಕ್ಕ ಮಾತು.

ಆತ ಹಿಡಿದ ಮುದ್ರಣಕ್ರಮವೂ ಸರಳವಾದುದು. ಸಾಮಾನ್ಯ ಕಲ್ಲಚ್ಚಿನಲ್ಲಿ ಚಿತ್ರವನ್ನೂ ಅಕ್ಷರವನ್ನೂ ಕಲ್ಲಿನ ಮೇಲೆ ತಿರುವುಮುರುವಾಗಿ ಬರೆಯಬೇಕು. ಟೋಪ್ಫರನಾದರೋ ಹದಮಾಡಿದ ಕಾಗದದ ಮೇಲೆ ಜಿಡ್ಡಿನ ಮಸಿಯಿಂದ ನೇರವಾಗಿ ಬರೆದು, ಅದನ್ನು ಕಲ್ಲಿಗೆ ಇಳಿಸಿ ಅಚ್ಚುಹಾಕಿಸುತ್ತಿದ್ದ. ಕೆತ್ತುವವನ ಹಂಗಿಲ್ಲ, ಅವನ ಕೈಬರಹವೇ ಓದುಗನಿಗೆ ಮುಟ್ಟುತ್ತಿತ್ತು. ಈ ವಿಧಾನವನ್ನು ಕುರಿತು 1842ರಲ್ಲಿ ಒಂದು ಪುಸ್ತಕವನ್ನೇ ಹೊರತಂದ.

1845ರ ಮತ್ತೊಂದು ಪುಸ್ತಕದಲ್ಲಿ ಚಿತ್ರಕಥೆಗಾರನಿಗೆ ಬೇಕಾದ ಉಪದೇಶವಿದೆ. ಎಷ್ಟೇ ಒಡ್ಡಾಗಿ ಬಿಡಿಸಿದ ಮುಖದಲ್ಲಿಯೂ ಒಂದಲ್ಲ ಒಂದು ಭಾವವಿರುತ್ತದೆ. ಹುಬ್ಬನ್ನೋ ತುಟಿಯನ್ನೋ ಕೊಂಚ ಬದಲಿಸಿ ನೋಡುತ್ತ ಹೋದರೆ ಪಾತ್ರ ತಾನಾಗಿ ಮೂಡುತ್ತದೆ. ಅಂಗರಚನೆಯ ಪಾಂಡಿತ್ಯಕ್ಕಿಂತ ಸ್ಪಷ್ಟವಾದ ಗೆರೆ ಮುಖ್ಯ. ಮಾತು ಮತ್ತು ಚಿತ್ರ ಒಂದನ್ನೊಂದು ಬಿಟ್ಟು ನಿಲ್ಲಬಾರದು. ಕ್ರೆಪಿನ್ ಎಂಬವನ ಇಡೀ ಕಥೆ ಹುಟ್ಟಿದ್ದು ಹೀಗೆ ಗೀಚಿದ ಒಂದು ಮುಖದಿಂದಲೇ.

ಸ್ವತಂತ್ರ ಪ್ರಕಾಶನದ ಕಷ್ಟವನ್ನೂ ಆತ ಉಂಡ. ಪುಸ್ತಕಗಳು ಗೆದ್ದೊಡನೆ ಪ್ಯಾರಿಸಿನ ಪ್ರಕಾಶಕನೊಬ್ಬ 1839ರಲ್ಲಿ ಅವುಗಳ ಕಳ್ಳಪ್ರತಿ ತೆಗೆದ. ಟೋಪ್ಫರ್ ಅದೇ ವರ್ಷ ವ್ಯೂ ಬ್ವಾ ಕಥೆಯನ್ನು ಮತ್ತೆ ಬಿಡಿಸಿ ಹೊಸ ಆವೃತ್ತಿ ತಂದ. ಆ ಕಳ್ಳಪ್ರತಿಯೇ ಲಂಡನ್ನಿನಲ್ಲಿ ಇಂಗ್ಲಿಷಿಗೆ ತಿರುಗಿ, 1842ರಲ್ಲಿ ನ್ಯೂಯಾರ್ಕಿನಲ್ಲಿಯೂ ಅಚ್ಚಾಯಿತು. ಅಮೆರಿಕ ಕಂಡ ಮೊದಲ ಕಾಮಿಕ್ಸ್ ಪುಸ್ತಕವೆಂದು ಹಲವರು ಎಣಿಸುವುದು ಅದನ್ನೇ.

1846ರ ಜೂನ್ 8ರಂದು, ನಲವತ್ತೇಳರ ವಯಸ್ಸಿನಲ್ಲಿ, ಟೋಪ್ಫರ್ ತೀರಿಕೊಂಡ. ಬಾಳಿದುದು ಅಲ್ಪಕಾಲ, ತೋರಿದ ದಾರಿ ದೊಡ್ಡದು. ಅವನಿಗೆ ಕಲ್ಲೂ ಜಿಡ್ಡಿನ ಮಸಿಯೂ ಬೇಕಾಗಿದ್ದುವು. ನಮಗೆ ಜೆರಾಕ್ಸ್ ಅಂಗಡಿ ಸಾಕು. ನೋಟುಪುಸ್ತಕದ ಅಂಚಿನಲ್ಲಿ ಗೀಚಿದ ಮುಖವನ್ನು ಅಳಿಸುವ ಮುನ್ನ, ಅದರಲ್ಲಿ ಕಥೆಯೊಂದು ಅಡಗಿದೆಯೇ ಎಂದು ನೋಡಿರೆಂದು ಮಿತ್ರರಲ್ಲಿ ನನ್ನ ವಿನಂತಿ.