ಟಿ. ಪಿ. ಕೈಲಾಸಂ

ತ್ಯಾಗರಾಜ ಪರಮಶಿವ ಕೈಲಾಸಂ (ಜುಲೈ ೨೯, ೧೮೮೪ – ನವೆಂಬರ್ ೨೩, ೧೯೪೬) ಕನ್ನಡದ ನಾಟಕಕಾರರು, ಹಾಸ್ಯ ಲೇಖಕರು ಮತ್ತು ಗೀತರಚನಕಾರರು. ಕನ್ನಡದ ಆಧುನಿಕ ಸಾಮಾಜಿಕ ನಾಟಕಕ್ಕೆ ಅಡಿಪಾಯ ಹಾಕಿದವರಲ್ಲಿ ಇವರು ಪ್ರಮುಖರು. ಪ್ರಹಸನ ಪ್ರಪಿತಾಮಹ ಎಂಬ ಬಿರುದಿನಿಂದ ಪ್ರಸಿದ್ಧರಾದ ಇವರು ಇಂಗ್ಲಿಷಿನಲ್ಲಿಯೂ ಪೌರಾಣಿಕ ವಸ್ತುವುಳ್ಳ ನಾಟಕಗಳನ್ನು ಬರೆದಿದ್ದಾರೆ. ಇಂಗ್ಲಿಷಿನ ಜನಪ್ರಿಯ ಹಾಡುಗಳ ಧಾಟಿಗೆ ಕನ್ನಡದ ಮಾತನ್ನು ಹೊಂದಿಸಿ ಇವರು ಕಟ್ಟಿದ ಹಾಸ್ಯಗೀತೆಗಳು ನಾಟಕಗಳಷ್ಟೇ ಜನಪ್ರಿಯವಾಗಿವೆ.

ಜನನ ಮತ್ತು ಶಿಕ್ಷಣ

ಕೈಲಾಸಂ ಅವರು ಹಳೆಯ ಮೈಸೂರು ಸಂಸ್ಥಾನದ ತಮಿಳು ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಟಿ. ಪರಮಶಿವ ಅಯ್ಯರ್ ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದರು, ತಾಯಿ ಕಮಲಮ್ಮ. ತಂದೆಯವರ ಉದ್ಯೋಗದ ಕಾರಣದಿಂದ ಇವರ ಆರಂಭದ ವಿದ್ಯಾಭ್ಯಾಸ ಬೆಂಗಳೂರು, ಮೈಸೂರು, ಹಾಸನ ಮೊದಲಾದ ಕಡೆಗಳಲ್ಲಿ ನಡೆಯಿತು. ಮನೆಯ ಮಾತು ತಮಿಳು, ಕಲಿತದ್ದು ಇಂಗ್ಲಿಷ್, ಬೆಳೆದದ್ದು ಕನ್ನಡದ ಬೀದಿಗಳಲ್ಲಿ. ಈ ಮೂರು ನುಡಿಗಳ ನಡುವಿನ ಬಾಳುವೆಯೇ ಮುಂದೆ ಇವರ ಬರವಣಿಗೆಯ ಮೂಲದ್ರವ್ಯವಾಯಿತು.

ಮದರಾಸಿನಲ್ಲಿ ಉನ್ನತ ವ್ಯಾಸಂಗವನ್ನು ಮುಗಿಸಿದ ಅನಂತರ ಇವರು ಭೂವಿಜ್ಞಾನದ ಅಧ್ಯಯನಕ್ಕಾಗಿ ಇಂಗ್ಲೆಂಡಿಗೆ ತೆರಳಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದರು. ಅಲ್ಲಿ ಪಾಠದ ಜೊತೆಗೆ ರಂಗಭೂಮಿಯೂ ಇವರನ್ನು ಆಕರ್ಷಿಸಿತು. ಆ ಕಾಲದ ಲಂಡನ್ನಿನಲ್ಲಿ ಗಂಭೀರ ನಾಟಕಗಳ ಜೊತೆಗೆ ಮ್ಯೂಸಿಕ್ ಹಾಲ್ ಎಂಬ ವಿನೋದ ರಂಗಶಾಲೆಗಳು ಜನಪ್ರಿಯವಾಗಿದ್ದವು. ಒಬ್ಬ ನಟ ವೇದಿಕೆಯ ಮೇಲೆ ನಿಂತು ಹಾಡುತ್ತ, ಅಣಕಿಸುತ್ತ, ಪ್ರೇಕ್ಷಕರನ್ನೂ ಪಲ್ಲವಿಗೆ ದನಿಗೂಡಿಸುವಂತೆ ಮಾಡುವುದು ಅಲ್ಲಿನ ಪದ್ಧತಿ. ಕೈಲಾಸಂ ಅವರ ಗೀತೆಗಳಲ್ಲಿ ಈ ಪದ್ಧತಿಯ ಲಕ್ಷಣಗಳನ್ನು ಕಾಣಬಹುದು.

ಭೂವಿಜ್ಞಾನ ಇಲಾಖೆಯಲ್ಲಿ

೧೯೧೫ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಕೈಲಾಸಂ ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಸೇವೆಗೆ ಸೇರಿದರು. ೧೮೯೪ರಲ್ಲಿ ಸ್ಥಾಪನೆಯಾದ ಈ ಇಲಾಖೆಗೆ ಕೋಲಾರದ ಚಿನ್ನದ ಗಣಿ ಪ್ರದೇಶ ಬಹು ಮುಖ್ಯವಾದ ಕ್ಷೇತ್ರವಾಗಿತ್ತು. ಜಾನ್ ಟೇಲರ್ ಕಂಪನಿಯು ೧೮೮೦ರ ದಶಕದಿಂದ ಅಲ್ಲಿ ಆಳವಾದ ಗಣಿಗಳನ್ನು ನಡೆಸುತ್ತಿತ್ತು. ೧೯೦೨ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ತು ಹರಿದಿತ್ತು. ಕಮಿಷನರ್ ಬೌರಿಂಗ್ ಅವರ ಹೆಸರಿನಿಂದ ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಲ್ಲಿ ಮುಖ್ಯ ರೈಲು ಮಾರ್ಗದಿಂದ ಕವಲೊಡೆದ ಶಾಖಾ ಮಾರ್ಗವು ಗಣಿಗಳ ಕಡೆಗೆ ಸಾಗುತ್ತಿತ್ತು. ಆಂಗ್ಲ ಅಧಿಕಾರಿಗಳು, ಆಂಗ್ಲೋ ಇಂಡಿಯನ್ ಕುಟುಂಬಗಳು, ತಮಿಳು, ತೆಲುಗು ಮತ್ತು ಕನ್ನಡ ಮಾತನಾಡುವ ಕಾರ್ಮಿಕರು ಅಲ್ಲಿ ಅಕ್ಕಪಕ್ಕದಲ್ಲಿ ಬದುಕುತ್ತಿದ್ದರು. ಬೆಂಗಳೂರಿನ ದಂಡುಪ್ರದೇಶದಂತೆ ಗಣಿ ಪ್ರದೇಶವೂ ಪಾಶ್ಚಾತ್ಯ ಸಂಗೀತದ ಪರಿಚಯವಿದ್ದ ನೆಲವಾಗಿತ್ತು.

ಸರ್ಕಾರಿ ಸೇವೆಯ ಕಟ್ಟುಪಾಡು ಕೈಲಾಸಂ ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ರಂಗಭೂಮಿಯ ಸೆಳೆತವೇ ಮೇಲಾಗಿ, ಕೆಲವು ವರ್ಷಗಳ ಅನಂತರ ಅವರು ಉದ್ಯೋಗವನ್ನು ತ್ಯಜಿಸಿದರು. ವಿಜ್ಞಾನಿಯಾಗಿ ದೊರೆಯಬಹುದಾಗಿದ್ದ ನೆಮ್ಮದಿಯ ಬದುಕನ್ನು ಬಿಟ್ಟು ನಾಟಕವನ್ನೇ ನೆಚ್ಚಿದ ಈ ನಿರ್ಧಾರದ ಬೆಲೆಯನ್ನು ಅವರು ಕೊನೆಯವರೆಗೂ ತೆತ್ತರು.

ನಾಟಕಗಳು

ಕೈಲಾಸಂ ಬರವಣಿಗೆಗೆ ತೊಡಗಿದಾಗ ಕನ್ನಡ ರಂಗಭೂಮಿಯಲ್ಲಿ ವೃತ್ತಿ ಕಂಪನಿಗಳ ಪೌರಾಣಿಕ ಮತ್ತು ಐತಿಹಾಸಿಕ ನಾಟಕಗಳದೇ ಪ್ರಾಬಲ್ಯ. ಗ್ರಾಂಥಿಕ ಸಂಭಾಷಣೆ, ಮೇಲಿಂದ ಮೇಲೆ ಬರುವ ಹಾಡುಗಳು, ಬಣ್ಣದ ಪರದೆಗಳು ಅವುಗಳ ವೈಶಿಷ್ಟ್ಯಗಳು. ೧೯೧೮ರ ಸುಮಾರಿಗೆ ಬಂದ ಟೊಳ್ಳುಗಟ್ಟಿ ನಾಟಕವು ರಂಗದ ಮೇಲೆ ಬೆಂಗಳೂರಿನ ಮಧ್ಯಮ ವರ್ಗದ ಮನೆಯನ್ನೇ ತಂದು ನಿಲ್ಲಿಸಿತು. ಪರೀಕ್ಷೆಯಲ್ಲಿ ಅಂಕ ಗಳಿಸುವ ಒಬ್ಬ ಮಗ, ಓದಿನಲ್ಲಿ ಹಿಂದುಳಿದರೂ ಕಷ್ಟಕಾಲದಲ್ಲಿ ನೆರವಾಗುವ ಮತ್ತೊಬ್ಬ ಮಗ, ಇವರಿಬ್ಬರಲ್ಲಿ ಟೊಳ್ಳು ಯಾರು, ಗಟ್ಟಿ ಯಾರು ಎಂಬುದು ಅದರ ವಸ್ತು. ವರದಕ್ಷಿಣೆಯ ಪಿಡುಗನ್ನು ತಾಳಿಕಟ್ಟೋಕ್ಕೂಲೀನೇ ನಾಟಕದಲ್ಲಿಯೂ, ಜಾತಿಯ ಕಟ್ಟಳೆಯ ಕ್ರೌರ್ಯವನ್ನು ಬಹಿಷ್ಕಾರದಲ್ಲಿಯೂ ಅವರು ಚಿತ್ರಿಸಿದರು. ಹೋಂರೂಲು, ಬಂಡ್ವಾಳ್ವಿಲ್ಲದ ಬಡಾಯಿ, ಅಮ್ಮಾವ್ರ ಗಂಡ, ಪೋಲಿಕಿಟ್ಟಿ ಮೊದಲಾದವು ಇವರ ಇತರ ಹೆಸರಾಂತ ನಾಟಕಗಳು.

ಈ ನಾಟಕಗಳ ಭಾಷೆ ಅಂದಿನ ವಿದ್ಯಾವಂತರು ಮನೆಯಲ್ಲಿ ಆಡುತ್ತಿದ್ದ, ಇಂಗ್ಲಿಷ್ ಪದಗಳು ಧಾರಾಳವಾಗಿ ಬೆರೆತ ಕನ್ನಡ. ಇಂಗ್ಲಿಷ್ ನಾಮಪದಕ್ಕೆ ಕನ್ನಡದ ವಿಭಕ್ತಿಯನ್ನೂ, ಇಂಗ್ಲಿಷ್ ಕ್ರಿಯೆಗೆ ಕನ್ನಡದ ಪ್ರತ್ಯಯವನ್ನೂ ಅಂಟಿಸುವ ಈ ಮಾತನ್ನು ಭಾಷೆಯ ಕೆಡುಕೆಂದು ಆಕ್ಷೇಪಿಸಿದವರೂ ಉಂಟು. ಆದರೆ ಪಾತ್ರಗಳ ಬಡಾಯಿ, ಹುಸಿ ಪ್ರತಿಷ್ಠೆ ಮತ್ತು ಒಳಗಿನ ಸಂಕಟ ಆ ಮಿಶ್ರಭಾಷೆಯ ಮೂಲಕವೇ ಹೊರಬೀಳುತ್ತವೆ. ನಗುವಿನ ಅಡಿಯಲ್ಲಿ ನೋವನ್ನು ಇರಿಸುವುದು ಕೈಲಾಸಂ ಅವರ ಕಲೆಯ ಮುಖ್ಯ ಗುಣ.

ಕನ್ನಡದಲ್ಲಿ ಸಮಕಾಲೀನ ಬದುಕನ್ನು ಆರಿಸಿಕೊಂಡ ಕೈಲಾಸಂ ಇಂಗ್ಲಿಷ್ ನಾಟಕಗಳಿಗೆ ರಾಮಾಯಣ ಮತ್ತು ಮಹಾಭಾರತಗಳನ್ನು ಆಶ್ರಯಿಸಿದರು. ಭರತ, ಏಕಲವ್ಯ, ಕರ್ಣ, ಕೀಚಕ ಮುಂತಾದವರ ಬಾಳನ್ನು ಹೊಸ ದೃಷ್ಟಿಯಿಂದ ನೋಡುವ ಪ್ರಯತ್ನ ಅಲ್ಲಿ ಕಾಣುತ್ತದೆ.

ಇಂಗ್ಲಿಷ್ ಧಾಟಿಯ ಹಾಡುಗಳು

ಒಬ್ಬರು ಹಾಡಿ ಪ್ರಸಿದ್ಧಗೊಳಿಸಿದ ಹಾಡನ್ನು ಮತ್ತೊಬ್ಬರು ತಮ್ಮ ರೀತಿಯಲ್ಲಿ ಹಾಡಿದರೆ ಅದನ್ನು ಇಂದು ಕವರ್ ಹಾಡು ಎನ್ನುತ್ತಾರೆ; ರಾಕ್ ತಂಡಗಳು ಇಂತಹ ಹಾಡುಗಳದೇ ಆಲ್ಬಂಗಳನ್ನು ಧ್ವನಿಮುದ್ರಿಸುವುದುಂಟು. ಈ ಪದ ಕನ್ನಡಕ್ಕೆ ಬರುವ ಮೊದಲೇ ಕೈಲಾಸಂ ಇದಕ್ಕೆ ಸಮೀಪದ ಕೆಲಸವೊಂದನ್ನು ಮಾಡಿದ್ದರು. ವ್ಯತ್ಯಾಸವೆಂದರೆ, ಅವರು ಧಾಟಿಯನ್ನು ಮಾತ್ರ ಎರವಲು ಪಡೆದು ಮಾತನ್ನು ಸಂಪೂರ್ಣವಾಗಿ ಕನ್ನಡದ ನೆಲದಲ್ಲಿ ಬಿತ್ತಿದರು. ಮಟ್ಟುಗಳ ಎರವಲು ಕನ್ನಡ ರಂಗಭೂಮಿಗೆ ಹೊಸದಾಗಿರಲಿಲ್ಲ. ಕಂಪನಿ ನಾಟಕಗಳು ಮರಾಠಿ ಮತ್ತು ಪಾರ್ಸಿ ನಾಟಕಗಳ ಮಟ್ಟುಗಳನ್ನು ಬಳಸಿಕೊಂಡಿದ್ದವು. ಕೈಲಾಸಂ ಆ ರೂಢಿಯನ್ನು ಇಂಗ್ಲಿಷಿನ ಬೀದಿಹಾಡುಗಳಿಗೆ ವಿಸ್ತರಿಸಿದರು.

ಇವುಗಳಲ್ಲಿ ತಿಪ್ಪಾರಹಳ್ಳಿಯ ಹಾಡು ಪ್ರಸಿದ್ಧವಾದುದು. ಇದರ ಮೂಲ ಜ್ಯಾಕ್ ಜಡ್ಜ್ ಮತ್ತು ಹ್ಯಾರಿ ವಿಲಿಯಮ್ಸ್ ಹೆಸರಿನಲ್ಲಿ ೧೯೧೨ರಲ್ಲಿ ಬಂದ ಟಿಪ್ಪರರಿ ಗೀತೆ. ಲಂಡನ್ನಿನಲ್ಲಿರುವ ಐರಿಷ್ ಮನುಷ್ಯನೊಬ್ಬ ದೂರದ ತನ್ನ ಊರನ್ನು ನೆನೆಯುವುದು ಅದರ ವಸ್ತು. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧಕ್ಕೆ ಹೊರಟ ಸೈನಿಕರು ಹಾಡಿದ್ದರಿಂದಲೂ, ಅದೇ ವರ್ಷ ಜಾನ್ ಮೆಕಾರ್ಮಕ್ ಹಾಡಿದ ಧ್ವನಿಮುದ್ರಿಕೆಯಿಂದಲೂ ಅದು ಲೋಕವಿಖ್ಯಾತವಾಯಿತು. ಕೈಲಾಸಂ ಐರ್ಲೆಂಡಿನ ಊರಿನ ಹೆಸರಿನ ನಾದದಲ್ಲಿಯೇ ಒಂದು ಕನ್ನಡ ಹಳ್ಳಿಯನ್ನು ಕಂಡುಕೊಂಡರು. ಉಚ್ಚಾರಣೆಯ ಸಾಮ್ಯದಿಂದ ನಗು ಹುಟ್ಟುತ್ತದೆ. ಊರು ದೂರವಾಯಿತೆಂಬ ಹಂಬಲವಾದರೋ ಮೂಲದಲ್ಲಿದ್ದಂತೆಯೇ ಉಳಿಯುತ್ತದೆ.

ಇನ್ನೊಂದು ಗೀತೆ ಕೋಳೀಕೆ ರಂಗ. ಹ್ಯಾರಿ ಕಾರ್ಲ್‌ಟನ್ ರಚಿಸಿದ ಕಾನ್‌ಸ್ಟಾಂಟಿನೋಪಲ್ ಎಂಬ ವಿನೋದಗೀತೆಯ ಧಾಟಿ ಇದಕ್ಕೆ ಆಧಾರ. ಮೂಲಗೀತೆಯಲ್ಲಿ ನಗರದ ಉದ್ದನೆಯ ಹೆಸರನ್ನು ಒಂದೊಂದೇ ಇಂಗ್ಲಿಷ್ ಅಕ್ಷರವಾಗಿ ಬಿಡಿಸಿ ಹಾಡಲಾಗುತ್ತದೆ. ಕನ್ನಡದಲ್ಲಿ ಹೆಸರನ್ನು ಹಾಗೆ ಬಿಡಿಸುವ ವಾಡಿಕೆ ಇಲ್ಲ. ಕೈಲಾಸಂ ತಮ್ಮ ಹಳ್ಳಿಗನ ಹೆಸರನ್ನು ಕನ್ನಡ ಶಾಲೆಯ ಮಗು ಕಾಗುಣಿತ ಒಪ್ಪಿಸುವ ಕ್ರಮದಲ್ಲಿ, ಸೊನ್ನೆಯನ್ನೂ ಬಿಡದೆ, ಅಕ್ಷರಶಃ ಬಿಡಿಸಿದರು. ಹೀಗೆ ಪರದೇಶದ ಚಮತ್ಕಾರವೊಂದು ನಮ್ಮ ಒಂದನೆಯ ತರಗತಿಯ ಪಾಠವಾಗಿ ಮಾರ್ಪಟ್ಟಿತು.

ಕೈಲಾಸಂ ಅವರ ಪಾಶ್ಚಾತ್ಯ ಧಾಟಿಗಳೆಲ್ಲ ಲಂಡನ್ನಿನ ವಿದ್ಯಾರ್ಥಿ ದೆಸೆಯಲ್ಲಿ ಕಲಿತವು ಎಂದು ಭಾವಿಸುವುದು ಸರಿಯಲ್ಲ. ಕಾನ್‌ಸ್ಟಾಂಟಿನೋಪಲ್ ಗೀತೆ ಬಂದದ್ದು ೧೯೨೮ರಲ್ಲಿ. ಅಷ್ಟು ಹೊತ್ತಿಗೆ ಅವರು ಸ್ವದೇಶಕ್ಕೆ ಮರಳಿ ಹದಿಮೂರು ವರ್ಷಗಳಾಗಿದ್ದವು. ಗ್ರಾಮಫೋನ್ ತಟ್ಟೆಗಳು ದೇಶದೇಶಗಳಿಗೆ ಹರಡುತ್ತಿದ್ದ ಕಾಲವದು. ಹೊಸ ಹಾಡಿಗೆ ಅವರ ಕಿವಿ ಕೊನೆಯವರೆಗೂ ತೆರೆದೇ ಇತ್ತೆಂಬುದಕ್ಕೆ ಈ ಗೀತೆ ಸಾಕ್ಷಿ.

ಇದೇ ಕಾಲದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ತಮ್ಮ ಇಂಗ್ಲಿಷ್ ಗೀತಗಳು ಸಂಕಲನದ ಮೂಲಕ ಇಂಗ್ಲಿಷ್ ಕವಿಗಳ ಶ್ರೇಷ್ಠ ಭಾವಗೀತೆಗಳನ್ನು ಕನ್ನಡಕ್ಕೆ ತಂದು ಹೊಸ ಕಾವ್ಯಮಾರ್ಗವನ್ನು ತೆರೆದರು. ಶ್ರೀಕಂಠಯ್ಯನವರು ಪಠ್ಯಪುಸ್ತಕದ ಇಂಗ್ಲಿಷಿನಿಂದ ಪಡೆದರು; ಕೈಲಾಸಂ ವಿನೋದಶಾಲೆಯ ಮತ್ತು ಸಿಪಾಯಿಗಳ ಇಂಗ್ಲಿಷಿನಿಂದ ಪಡೆದರು. ಇಬ್ಬರೂ ೧೮೮೪ರಲ್ಲಿ ಹುಟ್ಟಿದವರು, ಇಬ್ಬರೂ ೧೯೪೬ರಲ್ಲಿ ನಿಧನರಾದವರು ಎಂಬುದು ಗಮನಾರ್ಹ.

ರಚನೆಯ ರೀತಿ ಮತ್ತು ನಷ್ಟ

ಕೈಲಾಸಂ ಲೇಖನಿ ಹಿಡಿದು ಬರೆದದ್ದಕ್ಕಿಂತ ಬಾಯಲ್ಲಿ ಹೇಳಿದ್ದೇ ಹೆಚ್ಚು. ಸ್ನೇಹಿತರ ಕೂಟದಲ್ಲಿ ಎಲ್ಲ ಪಾತ್ರಗಳನ್ನೂ ತಾವೇ ಅಭಿನಯಿಸುತ್ತ ಇಡೀ ನಾಟಕವನ್ನು ಹೇಳುವುದು ಅವರ ಕ್ರಮ. ಶಿಷ್ಯರು ಮತ್ತು ಅಭಿಮಾನಿಗಳು ಬರೆದುಕೊಂಡದ್ದರಿಂದ ಅವುಗಳಲ್ಲಿ ಹಲವು ಉಳಿದವು. ಬರೆದುಕೊಳ್ಳುವವರಿಲ್ಲದ ಕಡೆ ಹೇಳಿದ್ದು ಅಲ್ಲಿಯೇ ಕರಗಿಹೋಯಿತು. ಹಾಡುಗಳ ವಿಷಯದಲ್ಲಿ ಇದು ಇನ್ನೂ ನಿಜ. ಅವು ಬಾಯಿಂದ ಬಾಯಿಗೆ ಸಾಗಿದ್ದರಿಂದ ಪಾಠಾಂತರಗಳು ಹುಟ್ಟಿಕೊಂಡವು. ಕೋಳೀಕೆ ರಂಗ, ಕೋಳಿಕ್ಕೆ ರಂಗ ಎಂದು ಆ ಗೀತೆಯ ಹೆಸರೇ ಬೇರೆ ಬೇರೆ ರೀತಿಯಲ್ಲಿ ಬಳಕೆಯಲ್ಲಿದೆ. ಅಕ್ಷರಗಳನ್ನು ಬಿಡಿಸಿ ಹೇಳುವುದೇ ತಿರುಳಾದ ಹಾಡಿನ ಅಕ್ಷರಗಳೇ ಸ್ಥಿರವಾಗಿ ಉಳಿಯಲಿಲ್ಲ. ಧಾಟಿ ಮಾತ್ರ ಕದಲದೆ ನಿಂತಿತು.

ಅವರ ಜೀವನಕ್ರಮದ ಅಶಿಸ್ತು, ಹಣಕಾಸಿನ ಬಗೆಗಿನ ನಿರ್ಲಕ್ಷ್ಯ ಮತ್ತು ಕುಡಿತ ಈ ನಷ್ಟವನ್ನು ಹೆಚ್ಚಿಸಿದವು. ಪ್ರತಿಭೆಗೆ ತಕ್ಕಷ್ಟು ಕೃತಿಗಳು ಮುದ್ರಣಕ್ಕೆ ಬರಲಿಲ್ಲವೆಂಬ ಕೊರಗು ಕನ್ನಡ ಸಾಹಿತ್ಯ ವಿಮರ್ಶೆಯಲ್ಲಿ ಇಂದಿಗೂ ಉಳಿದಿದೆ.

ಗೌರವ ಮತ್ತು ನಿಧನ

೧೯೪೫ರಲ್ಲಿ ಮದರಾಸಿನಲ್ಲಿ ನಡೆದ ೨೯ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರಾಗಿ ಆಯ್ಕೆಯಾದರು. ಗ್ರಾಂಥಿಕ ಭಾಷೆಯನ್ನು ಬದಿಗಿಟ್ಟು ಆಡುಮಾತಿನಲ್ಲಿಯೇ ಸಾಹಿತ್ಯ ರಚಿಸಿದವರಿಗೆ ಸಂದ ದೊಡ್ಡ ಮನ್ನಣೆ ಇದು. ಮರುವರ್ಷ, ೧೯೪೬ರ ನವೆಂಬರ್ ೨೩ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಪ್ರಭಾವ

ಕನ್ನಡದ ಹವ್ಯಾಸಿ ರಂಗಭೂಮಿಗೆ ಕೈಲಾಸಂ ಅವರ ನಾಟಕಗಳು ದೀರ್ಘಕಾಲ ಆಧಾರವಾಗಿದ್ದವು. ಕಡಿಮೆ ಪಾತ್ರಗಳು, ಸರಳವಾದ ರಂಗಸಜ್ಜಿಕೆ ಮತ್ತು ಪರಿಚಿತವಾದ ಭಾಷೆಯಿಂದಾಗಿ ಶಾಲಾ ಕಾಲೇಜುಗಳೂ ಅವುಗಳನ್ನು ಸುಲಭವಾಗಿ ಆಡಬಹುದಾಗಿತ್ತು. ಅವರ ಹಾಸ್ಯಗೀತೆಗಳನ್ನು ಇಂದಿಗೂ ಹಾಡಲಾಗುತ್ತದೆ. ಮೂಲ ಇಂಗ್ಲಿಷ್ ಹಾಡನ್ನು ಎಂದೂ ಕೇಳದವರಿಗೆ ಆ ಧಾಟಿಗಳು ಕನ್ನಡದವೇ ಎಂಬಷ್ಟು ಅವು ಇಲ್ಲಿ ಬೇರೂರಿವೆ.

ಪ್ರಮುಖ ಕೃತಿಗಳು

ಕನ್ನಡ ನಾಟಕಗಳು: ಟೊಳ್ಳುಗಟ್ಟಿ, ಹೋಂರೂಲು, ಬಂಡ್ವಾಳ್ವಿಲ್ಲದ ಬಡಾಯಿ, ತಾಳಿಕಟ್ಟೋಕ್ಕೂಲೀನೇ, ಅಮ್ಮಾವ್ರ ಗಂಡ, ಬಹಿಷ್ಕಾರ, ಪೋಲಿಕಿಟ್ಟಿ, ಗಂಡಸ್ಕತ್ರಿ, ನಮ್ ಕಂಪ್ನಿ, ನಮ್ ಕ್ಲಬ್ಬು, ಸೂಳೆ.

ಇಂಗ್ಲಿಷ್ ಕೃತಿಗಳು: ಲಿಟಲ್ ಲೇಸ್ ಅಂಡ್ ಪ್ಲೇಸ್, ದಿ ಬರ್ಡನ್, ಫುಲ್‌ಫಿಲ್‌ಮೆಂಟ್, ದಿ ಪರ್ಪಸ್, ಕರ್ಣ, ಕೀಚಕ.

ಗೀತೆಗಳು: ತಿಪ್ಪಾರಹಳ್ಳಿ, ಕೋಳೀಕೆ ರಂಗ.