ಅನಾಥರ ಗುರುವಾದ ಪೆಸ್ತಲೋಜಿ

1834ರಲ್ಲಿ ಮಂಗಳೂರಿಗೆ ಮಿಶನೆರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣವು ಸ್ವಿಜರ್ಲೆಂಡ್ ದೇಶದಲ್ಲಿರುವದೆಂದು ನಮ್ಮ ಸಭೆಗಳವರು ಬಲ್ಲರು. ಅದೇ ದೇಶದ ಜೂರಿಕ್ ಪಟ್ಟಣದಲ್ಲಿ 1746ನೆಯ ಜನವರಿ 12ರಂದು ಯೋಹಾನ್ ಹೈನ್ರಿಕ್ ಪೆಸ್ತಲೋಜಿಯು ಹುಟ್ಟಿದನು. ಅವನು ಐದು ವರುಷದವನಾಗಿದ್ದಾಗ ತಂದೆಯು ತೀರಿಹೋದನು. ಮರಣಶಯ್ಯೆಯಲ್ಲಿದ್ದ ಆ ತಂದೆಯು, ತನ್ನ ಹೆಂಡತಿಮಕ್ಕಳ ಕೈಬಿಡಬಾರದೆಂದು ಮನೆಯ ಸೇವಕಿಯಾದ ಬಾಬೆಲಿಯನ್ನು ಬೇಡಿಕೊಂಡಿದ್ದನು. ಆಕೆಯು ಕೊಟ್ಟ ಮಾತಿಗೆ ತಪ್ಪದೆ ಆ ಬಡ ಕುಟುಂಬವನ್ನು ಸಾಕಿದಳು. ಸಭಾಪಾಲಕನಾಗಿದ್ದ ಅಜ್ಜನ ಹಳ್ಳಿಗೆ ಹೋದಾಗ ಹುಡುಗನು ಬಡವರ ಕಷ್ಟವನ್ನು ಕಣ್ಣಾರೆ ಕಂಡನು. ತಬ್ಬಲಿಯ ದುಃಖವನ್ನೂ ಪ್ರೀತಿಯ ಬಲವನ್ನೂ ಅವನು ಬಾಲ್ಯದಲ್ಲಿಯೇ ಅರಿತನು.

ದೊಡ್ಡವನಾದ ಮೇಲೆ 1774ರಲ್ಲಿ ಅವನು ತನ್ನ ಹೊಲಮನೆಯಲ್ಲಿ ಬಡಮಕ್ಕಳನ್ನು ಸೇರಿಸಿಕೊಂಡು, ನೂಲುವ ಕೆಲಸವನ್ನೂ ಬೇಸಾಯವನ್ನೂ ಓದುಬರಹವನ್ನೂ ಕಲಿಸತೊಡಗಿದನು. ಹಣದ ವ್ಯವಹಾರದಲ್ಲಿ ಜಾಣ್ಮೆಯಿಲ್ಲದ ಕಾರಣ ಸಾಲವು ಮೇಲೇರಿ, 1780ರಲ್ಲಿ ಆ ಶಾಲೆಯು ಮುಚ್ಚಿಹೋಯಿತು. ಜನರು ನಕ್ಕರು, ಆದರೂ ಅವನು ಮಕ್ಕಳನ್ನು ಮರೆಯಲಿಲ್ಲ.

1798ನೆಯ ಸೆಪ್ಟೆಂಬರದಲ್ಲಿ ಫ್ರೆಂಚ್ ಸೈನ್ಯವು ಸ್ಟಾನ್ಸ್ ಸೀಮೆಯ ಮೇಲೆ ಬಿದ್ದು ಮನೆಗಳನ್ನು ಸುಟ್ಟು ಅನೇಕರನ್ನು ಕೊಂದಿತು. ದಿಕ್ಕಿಲ್ಲದ ಮಕ್ಕಳನ್ನು ನೋಡಿಕೊಳ್ಳುವದಕ್ಕೆ ಸರಕಾರದವರು ಪೆಸ್ತಲೋಜಿಯನ್ನು ಕಳುಹಿಸಿದರು. 1799ನೆಯ ಜನವರಿಯಲ್ಲಿ ಅಲ್ಲಿಯ ಒಂದು ಕನ್ಯಾಮಠದಲ್ಲಿ ಅನಾಥಾಲಯವು ತೆರೆಯಿತು. ಬೇಗನೆ ಸುಮಾರು 80 ಮಕ್ಕಳು ಕೂಡಿದರು. ಅವರ ಮೈಯಲ್ಲಿ ಕಜ್ಜಿ, ತಲೆಯಲ್ಲಿ ಹೇನು, ಕಣ್ಣುಗಳಲ್ಲಿ ಭಯ. ಕೆಲವರು ಯಾರನ್ನೂ ನಂಬದವರಾಗಿದ್ದರು. ಅವನಿಗೆ ಸಹಾಯಕ್ಕೆ ಮನೆಗೆಲಸದ ಹೆಂಗಸೊಬ್ಬಳೇ ಇದ್ದಳು. ಊರಿನವರು ರೋಮನ್ ಕಥೋಲಿಕರು, ಇವನು ಪ್ರೊಟೆಸ್ಟಂಟನು. ಆದದರಿಂದ ಅವರೂ ಇವನನ್ನು ಸಂಶಯದಿಂದ ನೋಡಿದರು.

ಪೆಸ್ತಲೋಜಿಯು ಪಾಠಕ್ಕಿಂತ ಮೊದಲು ಮಕ್ಕಳ ಹೃದಯವನ್ನು ಗೆಲ್ಲುವದಕ್ಕೆ ನಿಶ್ಚಯಿಸಿದನು. ರೋಗಿಗಳ ಶುಶ್ರೂಷೆ ಮಾಡಿದನು. ಮಕ್ಕಳು ಉಂಡದ್ದನ್ನೇ ಉಂಡು, ಅವರ ನಡುವೆಯೇ ಮಲಗಿದನು. ಬೆಳಿಗ್ಗೆ ಮೊದಲು ಏಳುವವನೂ ರಾತ್ರಿ ಕಡೆಗೆ ಮಲಗುವವನೂ ಅವನೇ. ನಿದ್ದೆ ಬರುವ ತನಕ ಅವರ ಸಂಗಡ ಪ್ರಾರ್ಥಿಸಿ ಮಾತಾಡುತ್ತಿದ್ದನು. ಕೆಲವು ಸಾರಿ ಶಿಕ್ಷಿಸಿದ್ದೂ ಉಂಟು. ಆದರೆ ಹಗಲಿರುಳು ತಮಗಾಗಿ ದುಡಿಯುವವನ ಕೈ ಅದೆಂದು ತಿಳಿದ ಮಕ್ಕಳು ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಲಿಲ್ಲ. ಕೆಲವು ತಿಂಗಳುಗಳಲ್ಲಿ ಅವರ ಮುಖಗಳು ಅರಳಿದವು. ಕಲಿಯುವ ಆಶೆಯು ಹುಟ್ಟಿತು.

ಆ ವಸಂತಕಾಲದಲ್ಲಿ ಆಲ್ಟ್‌ಡಾರ್ಫ್ ಊರು ಬೆಂಕಿಗೆ ತುತ್ತಾಯಿತು. ಅಲ್ಲಿಯ ಇಪ್ಪತ್ತು ಮಂದಿ ಮಕ್ಕಳನ್ನು ಸೇರಿಸಿಕೊಳ್ಳೋಣವೇ, ಹಾಗಾದರೆ ನಿಮ್ಮ ಊಟ ಬಟ್ಟೆ ಕಡಿಮೆಯಾಗುವದು, ಕೆಲಸ ಹೆಚ್ಚುವದು ಎಂದು ಅವನು ತನ್ನ ಮಕ್ಕಳನ್ನು ವಿಚಾರಿಸಿದನು. ಅವರೆಲ್ಲರೂ ಸಂತೋಷದಿಂದ ಒಪ್ಪಿದರು. ಹಿಂದೆ ಒಬ್ಬರನ್ನೊಬ್ಬರು ನಂಬದ ಅನಾಥರು ಈಗ ಬೇರೆ ಅನಾಥರಿಗೆ ಅಣ್ಣ ಅಕ್ಕಂದಿರಾಗಲು ಸಿದ್ಧರಾದರು.

ಜೂನ್ ತಿಂಗಳಲ್ಲಿ ಸೈನ್ಯದ ಆಸ್ಪತ್ರೆಗಾಗಿ ಆ ಮನೆಯನ್ನು ತೆಗೆದುಕೊಂಡದ್ದರಿಂದ ಅನಾಥಾಲಯದ ಕೆಲಸವು ನಿಂತಿತು. ದಣಿದು ಕ್ಷೀಣಿಸಿದ ಪೆಸ್ತಲೋಜಿಯು ಸ್ವಲ್ಪ ವಿಶ್ರಮಿಸಿ ತಿರುಗಿ ಶಾಲೆಗೆ ಹೋದನು. 1805ರಿಂದ 1825ರ ವರೆಗೆ ಇವೆರ್ಡನ್ ಪಟ್ಟಣದಲ್ಲಿ ಅವನು ನಡಿಸಿದ ಶಾಲೆಯನ್ನು ನೋಡಲು ಅನೇಕ ದೇಶಗಳವರು ಬಂದರು. ಮುಂದೆ ಬಾಲವಾಡಿಯನ್ನು ಆರಂಭಿಸಿದ ಫ್ರೋಬೆಲನೂ ಅಲ್ಲಿ ಕಲಿತವನೇ. 1827ನೆಯ ಫೆಬ್ರವರಿ 17ರಂದು ಪೆಸ್ತಲೋಜಿಯು ನಿದ್ರೆಹೊಂದಿದನು.

ಪ್ರಿಯರೇ, ಸ್ಟಾನ್ಸಿನ ಕೆಲಸವು ಆರು ತಿಂಗಳೂ ನಡೆಯಲಿಲ್ಲ. ಅದರ ಫಲವು ಇಂದಿಗೂ ಉಳಿದಿದೆ. ಅಂಜಿದ ಮಗುವಿನ ಕಿವಿ ತೆರೆದಿದ್ದರೂ ಮನಸ್ಸು ಮುಚ್ಚಿರುವದು. ಶಾಲೆಯ ಉಪಾಧ್ಯಾಯರೂ ಆದಿತ್ಯವಾರದ ಪಾಠ ಹೇಳುವವರೂ ತಂದೆತಾಯಿಗಳೂ, ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ ನಮ್ಮ ಕರ್ತನನ್ನು ನೋಡಿ, ಮೊದಲು ಪ್ರೀತಿಯಿಂದ ಆ ಬಾಗಿಲನ್ನು ತೆರೆಯಲಿ. ಪಾಠವು ಆಮೇಲೆ ಒಳಗೆ ಹೋಗುವದು.