ಕೆರೆಯ ನೀರು, ಕೋರ್ಟಿನ ಹತ್ತು ವರ್ಷ



ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದಷ್ಟೇ ನನಗೆ ಗೊತ್ತಿತ್ತು. ಆಮೇಲಿನ ಕೋರ್ಟು ಕಥೆ ತಡವಾಗಿ ಓದಿದೆ. ಪುರಸಭೆ ಆ ಕೆರೆಯನ್ನು ಎಲ್ಲರಿಗೂ ಮೊದಲೇ ತೆರೆದಿತ್ತು, ಕಾಗದದಲ್ಲಿ! ಡಿಸೆಂಬರಿನಲ್ಲಿ ಎರಡನೇ ಸತ್ಯಾಗ್ರಹಕ್ಕೆ ಸಾವಿರಾರು ಜನ ಸೇರುವ ಹೊತ್ತಿಗೆ, ಕೆರೆ ಖಾಸಗಿಯೆಂದು ದಾವೆ ಹೂಡಿ ಸವರ್ಣೀಯರು ತಡೆಯಾಜ್ಞೆ ತಂದಿದ್ದರು. ಜೈಲಿಗೂ ಸಿದ್ಧರಾಗಿ ಬಂದವರನ್ನು ಬಾಬಾಸಾಹೇಬರೇ ತಡೆದರು. ಸೋತರೇನೋ ಅನ್ನಿಸಿತ್ತು ನನಗೆ.

ಆದರೆ ಪ್ರತಿವಾದಿಯಾಗಿ ನಿಂತು ಕೇಸು ನಡೆಸಿದರು. ನಡುವೆ ದುಂಡು ಮೇಜಿನ ಪರಿಷತ್ತು, ಪುಣೆ ಒಪ್ಪಂದ. ದಾವೆ ಮಾತ್ರ ಬಿಡಲಿಲ್ಲ. ನಮ್ಮವರನ್ನು ಹೊರಗಿಡುವ ಅನಾದಿ ರೂಢಿ ಸಾಬೀತಾಗಿಲ್ಲವೆಂದು ಬಾಂಬೆ ಹೈಕೋರ್ಟ್ ತೀರ್ಪಿತ್ತದ್ದು 1937ರ ಮಾರ್ಚ್ 17ರಂದು. ಅಷ್ಟರಲ್ಲಿ ರಮಾತಾಯಿ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು.